ರಾಟವಾಳದ ಪೊದೆ ಉತ್ತರಿಸಿದ್ದು

ಮಕ್ಕಳೇ, ನಾನು ಕತೆ ಬರೆಯುತ್ತಿರುವುದು ಇದೇ ಮೊದಲು. ಚೆನ್ನಾಗಿ ಬಾರದಿದ್ದರೆ ಕ್ಷಮಿಸಿ.

ಕೆರೆಯ ಮೇಲೆ ಬಾಗಿದ ಒಂದು ಜಾಲಿಮರದಲ್ಲಿ ಗೀಜಗಗಳಿದ್ದವು. ಅವುಗಳ ಗೂಡಿಗೆ ಕೆಳಕ್ಕೆ ಇಳಿಬಿದ್ದ ಉದ್ದನೆಯ ಕೊಳವೆಯೇ ಬಾಗಿಲು. ಕೊಳವೆ ಎಂದರೆ ಹುಲ್ಲಿನಿಂದ ಹೆಣೆದದ್ದು, ನೀರಿನ ಪೈಪಲ್ಲ. ಹಾವು ಅದನ್ನು ಹೊಗಲು ಹೋದರೆ ಜಾರಿ ನೀರಿಗೆ ಬೀಳುತ್ತಿತ್ತು.

ದಡದ ಪೊದೆಯಲ್ಲಿ ರಾಟವಾಳ ಹಕ್ಕಿಗಳಿದ್ದವು. ಹಾವು ಆ ಪೊದೆಯನ್ನು ದಾಟಿಯೇ ಮರಕ್ಕೆ ಬರಬೇಕು. ಕಂಡೊಡನೆ ರಾಟವಾಳಗಳು ಕೂಗಿ ಗೀಜಗಗಳನ್ನು ಎಚ್ಚರಿಸುತ್ತಿದ್ದವು. ಹಾಗಾಗಿ ಇಬ್ಬರೂ ಮಿತ್ರರು. ಪ್ರತಿ ಸಂಜೆ ಗೀಜಗಗಳು "ಇದ್ದೀರಾ?" ಎಂದು ಕೇಳುತ್ತಿದ್ದವು. "ಇದ್ದೀವಿ!" ಎಂದು ಪೊದೆಯ ತುಂಬ ದನಿಗಳು ಏಳುತ್ತಿದ್ದವು.

ಆ ಮಳೆಗಾಲದಲ್ಲಿ ಹಾವು ಪೊದೆಯನ್ನೇ ಹೊಕ್ಕಿತು. ರಾಟವಾಳಗಳ ಹಿರಿಯಳಾದ ಚುಕ್ಕವ್ವ ಗೀಜಗಗಳ ಯಜಮಾನ ದೊಡ್ಡಯ್ಯನ ಬಳಿ ಹಾರಿ ಬಂದಳು.

"ದೊಡ್ಡಯ್ಯ, ನನ್ನ ಗೂಡಲ್ಲಿ ಐದು ಮೊಟ್ಟೆ ಇವೆ. ಕೊಳವೆ ಹೆಣೆಯೋ ಗಂಟು ಕಲಿಸಪ್ಪ."

"ಗಂಟಿನ ಗುಟ್ಟು ನಮ್ಮ ಮರ ಬಿಟ್ಟು ಹೋಗಬಾರದು ಅಂತ ನಿಯಮ ಇದೆಯಲ್ಲ ಚುಕ್ಕವ್ವ. ಯಾರಿಗೆ, ಯಾಕೆ, ಎಷ್ಟು ಗೂಡಿಗೆ, ಎಲ್ಲ ವಿಚಾರಿಸಬೇಕು. ಕಾಗೆ ಕೇಳಿದಾಗಲೂ ಹೀಗೇ ಮಾಡಿದ್ವಿ."

"ಕಾಗೆ ನಿನ್ನ ಮರಿ ತಿನ್ನುತ್ತೆ. ನಾವು ಕಾಯ್ತೀವಿ. ಇಬ್ಬರೂ ಒಂದೇನಾ?"

"ನಿಯಮ ಎಲ್ಲರಿಗೂ ಒಂದೇ. ನಾಳೆ ಬಾ."

ದೊಡ್ಡಯ್ಯ ಕೆಟ್ಟವನಲ್ಲ, ಮಕ್ಕಳೇ. ಅವನದು ಅತಿಯಾದ ಜಾಗ್ರತೆ, ಅಷ್ಟೇ.

ಆ ಸಂಜೆ "ಇದ್ದೀವಿ" ಎಂದದ್ದು ಏಳೇ ದನಿ. ಮರುದಿನ ಚುಕ್ಕವ್ವ ಬಂದಾಗಲೂ ದೊಡ್ಡಯ್ಯ "ವಿಚಾರಣೆ ಮುಗಿದಿಲ್ಲ, ನಾಳೆ ಬಾ" ಎಂದ; ಸಂಜೆಗೆ ಮೂರೇ ದನಿ. ಅದರ ಮರುದಿನ ಚುಕ್ಕವ್ವ ಬರಲೇ ಇಲ್ಲ. ಸಂಜೆ "ಇದ್ದೀರಾ?" ಎಂದಾಗ ಪೊದೆಯಿಂದ ಒಂದು ದನಿಯೂ ಏಳಲಿಲ್ಲ.

"ಮಿತ್ರರಿಗೆ ನಿಯಮ ಸಡಿಲಿಸಿದೆ!" ಎಂದು ಕೂಗಿ ದೊಡ್ಡಯ್ಯ ಪೊದೆಯತ್ತ ಹಾರಿದ.

"ಚುಕ್ಕವ್ವ, ಇದ್ದೀಯಾ?"

"ಇದ್ದೀವಿ." ಒಂದೇ ದನಿ. ತುಂಬ ನಿಧಾನ.

"ಗಂಟು ಕಲಿಸೋಕೆ ಬಂದಿದ್ದೀನಿ. ಮೊಟ್ಟೆಗಳು?"

"ಐದೂ ಇವೆ. ಎಲ್ಲರೂ ಒಳಗೇ ಇದ್ದೀವಿ. ನೀನೂ ಬಾ."

ಗಾಳಿ ಇರಲಿಲ್ಲ. ಆದರೂ ಹುಲ್ಲು ಉದ್ದಕ್ಕೆ ಅಲುಗಿತು. ಅದು ಚುಕ್ಕವ್ವನ ದನಿಯಲ್ಲ, ಹಾವಿನದು.

ದೊಡ್ಡಯ್ಯ ಹೇಗೋ ಮರಕ್ಕೆ ಮರಳಿದ. ಅವನ ಮಗಳು ಮೊಟ್ಟೆಯಿಟ್ಟ ಗೂಡಿಗೆ ಕೊಳವೆ ಇನ್ನೂ ಅರ್ಧವಷ್ಟೇ ಆಗಿತ್ತು. ಕೆಳಗೆ ಕಾಂಡದ ಮೇಲೆ ಏನೋ ಮೆಲ್ಲಗೆ ಉಜ್ಜಿದ ಸದ್ದಾಯಿತು. ಈ ಸಲ ಯಾರೂ ಕೂಗಿ ಎಚ್ಚರಿಸಲಿಲ್ಲ.

ನೀತಿ: ಶತ್ರುವಿಗೆಂದು ಹಾಕಿದ ಅಗುಳಿಯನ್ನು ಮಿತ್ರನಿಗೂ ಹಾಕಿದವನು ತನ್ನ ಕಾವಲನ್ನೇ ಕಳೆದುಕೊಳ್ಳುತ್ತಾನೆ. ಹಾಗೆಂದು ಕೇಳಿದವರಿಗೆಲ್ಲ ಗಂಟು ಕಲಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಮಿತ್ರನೋ ಅಲ್ಲವೋ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಏನೆಂದರೆ... ಇರಿ, ಅತ್ತೆ ಕರೆಯುತ್ತಿದ್ದಾರೆ, ಬಂದೆ.