ಕೊಕ್ಕರೆ ರಾಯರ ಪರಿಚಯ

ಗೊತ್ತುಮಾಡಿದ ದಾರಿಯಲ್ಲಿ ತಾಳ ತಪ್ಪದೆ ಹೆಜ್ಜೆ ಹಾಕುವ ಸ್ಪರ್ಧೆಗೆ ಕುದುರೆಗಳೆಲ್ಲ ಸೇರಿದ್ದವು. ಗೊರವಂಕ ಹಕ್ಕಿ ಮೇಜಿನ ಮೇಲೆ ನಿಂತು ತೀರ್ಪುಗಾರರ ಪರಿಚಯ ಮಾಡಿಕೊಟ್ಟಿತು.

"ಇವರು ಕೊಕ್ಕರೆ ರಾಯರು. ಹನ್ನೆರಡು ವರ್ಷ ಒಂಟಿಕಾಲಿನ ಸಾಧನೆ ಮಾಡಿದವರು. ಒಮ್ಮೆಯೂ ಹೆಜ್ಜೆ ತಪ್ಪಿದವರಲ್ಲ!"

ಎಲ್ಲರೂ ಗೊರಸು ಬಡಿದು ಮೆಚ್ಚಿದರು.

"ಇವರು ಮುದಿ ಕುದುರೆಯಮ್ಮ. ಇವರು..." ಗೊರವಂಕ ತಡವರಿಸಿತು.

"ಇದೇ ಕಣದಲ್ಲಿ ಮೂರು ಸಲ ದಾರಿ ತಪ್ಪಿದವಳು ಅಂತ ಹೇಳಪ್ಪ, ನಾಚಿಕೆ ಯಾಕೆ?" ಎಂದಿತು ಕುದುರೆಯಮ್ಮ. ಕೊಕ್ಕರೆ ಮುಖ ತಿರುಗಿಸಿತು.

ಮೊದಲು ಬಂದ ಹೆಣ್ಣು ಮರಿ ಚೆನ್ನಾಗಿಯೇ ಹೆಜ್ಜೆ ಹಾಕುತ್ತಿತ್ತು. ಹುಣಸೆ ಮರದ ಹತ್ತಿರ ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿ, ಮುಂದೇನೆಂದು ತೋಚದೆ ನಿಂತುಬಿಟ್ಟಿತು.

"ಮುಗಿಯಿತು. ಸೊನ್ನೆ!" ಎಂದಿತು ಕೊಕ್ಕರೆ.

ದಾರಿ ತಪ್ಪಿದವರನ್ನು ಎಚ್ಚರಿಸಲೆಂದು ಮೇಜಿನ ಮೇಲಿಟ್ಟಿದ್ದ ಗಂಟೆಯನ್ನು ಕುದುರೆಯಮ್ಮ ಬಾರಿಸಿತು. "ಮಗಳೇ, ಆ ಮರ ನನ್ನನ್ನೂ ಮೂರು ಸಲ ಯಾಮಾರಿಸಿದೆ. ಒಂದು ಅಂಕ ಹೋಯಿತು, ಅಷ್ಟೇ ತಾನೆ? ಅಲ್ಲಿಂದಲೇ ಮತ್ತೆ ಶುರು ಮಾಡು."

ಮರಿ ನಕ್ಕುಬಿಟ್ಟಿತು. ಆಮೇಲೆ ಅದು ಹೇಗೆ ಕುಣಿಯಿತೆಂದರೆ, ಮೇಜಿನ ಕೆಳಗೆ ಕುದುರೆಯಮ್ಮನ ಗೊರಸುಗಳು ತಾಳ ಹಾಕತೊಡಗಿದವು. ಕೊಕ್ಕರೆ ಹನ್ನೆರಡು ವರ್ಷದಿಂದ ಮಡಿಸಿಟ್ಟಿದ್ದ ಕಾಲೂ ತಾನಾಗಿಯೇ ಕೆಳಗಿಳಿದು ಜೊತೆಗೂಡಿತು.

ಮರುವರ್ಷ ಸ್ಪರ್ಧೆಗೆ ಮುಂಚೆ ಕೊಕ್ಕರೆ ಗೊರವಂಕದ ಕಿವಿಯಲ್ಲಿ ಪಿಸುಗುಟ್ಟಿತು: "ನಾನೂ ಒಮ್ಮೆ ಕೆಸರಲ್ಲಿ ಜಾರಿ ಬಿದ್ದಿದ್ದೆ ಕಣಪ್ಪ. ಪರಿಚಯದಲ್ಲಿ ಅದನ್ನೇ ಮೊದಲು ಹೇಳು."