ಮೂರನೆಯ ಪಂಪು

“ಬುದ್ಧಿ, ಇವನನ್ನೂ ಕಳಿಸಿಬಿಡಲೇ?”

ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ ಹೀಗೆ ಕೇಳಿದಾಗ ಗುರುಗಳು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಅಂದೂ ಊಟ ಒಂದು ಗಂಟೆ ತಡವಾಗಿತ್ತು. ಪಂಕ್ತಿಯಲ್ಲಿ ಕೂತವರು ಬರಿಯ ಎಲೆ ನೋಡಿ ಬೇಸತ್ತು, ಕೆಲವರು ಎದ್ದೇ ಹೋಗಿದ್ದರು. ತನ್ನ ಕಡೆಯಿಂದ ಕೊರತೆಯೇನೂ ಇಲ್ಲವೆಂದು ಶಿಷ್ಯನ ಲೆಕ್ಕ. ಎಂದಿನಂತೆ ಬೆಳಗಿನ ಪೂಜೆಯನ್ನು ಅವಸರವಿಲ್ಲದೆ ಮುಗಿಸಿ, ಉಗ್ರಾಣದ ಬೀಗ ತೆಗೆದು, ಒಂದು ಕಾಳೂ ಹೆಚ್ಚುಕಡಿಮೆಯಾಗದಂತೆ ಅಕ್ಕಿ ಬೇಳೆ ಅಳೆದುಕೊಟ್ಟಿದ್ದ. ತಡ ಮಾಡಿದರೆಂದು ಇಬ್ಬರು ಅಡುಗೆಯವರನ್ನು ಅವನು ಈಗಾಗಲೇ ಕೆಲಸದಿಂದ ಕಳಿಸಿದ್ದ. ಮೂರನೆಯವನು ಚಂಬಣ್ಣ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೂರದಿಂದ ಬಂದವನು. ಕಂಬದ ಮರೆಯಲ್ಲಿ ನಿಂತು ತೀರ್ಪಿಗೆ ಕಾಯುತ್ತಿದ್ದ.

“ಅದಿರಲಿ, ವಿಮಾನದ ಕತೆ ಕೇಳು” ಎಂದರು ಗುರುಗಳು. “ವಿಮಾನದ ವಿಷಯ ನನಗೆ ಗೊತ್ತಿರುವಷ್ಟು ಹದ್ದಿಗೂ ಗೊತ್ತಿಲ್ಲ. ಪ್ರಾಯದಲ್ಲಿ ನಾನು ಮಾಳಿಗೆಯ ಮೇಲೆ ಪಂಚೆ ಒಣಹಾಕಿದರೆ ಸಾಕು, ಬಾವುಟವೆಂದು ತಿಳಿದು ವಿಮಾನಗಳು ನಮ್ಮ ಅಂಗಳಕ್ಕೇ ಇಳಿಯುತ್ತಿದ್ದವು. ಮೂರನ್ನು ನಾನೇ ಬೆನ್ನು ಕೊಟ್ಟು ನೂಕಿ ಆಕಾಶಕ್ಕೆ ಹತ್ತಿಸಿದ್ದೇನೆ.”

“ಹೋದ ವಾರ ಎರಡು ಅಂದಿದ್ದಿರಿ, ಬುದ್ಧಿ.”

“ಅದರಲ್ಲೊಂದು ಮರಿ ಹಾಕಿತು. ಸುಮ್ಮನೆ ಕೇಳು.”

ಒಂದು ಊರಿನ ಬಯಲಿನಲ್ಲಿ ಒಂಟಿ ಎಂಜಿನ್ನಿನ ಸಣ್ಣ ವಿಮಾನವಿತ್ತು. ಅದನ್ನು ಹಾರಿಸುವವಳು ಒಬ್ಬ ಹೆಂಗಸು. ರಿಪೇರಿ ಮಾಡುವವನು ಒಬ್ಬ ಮೆಕ್ಯಾನಿಕ್. ಒಂದು ಬೆಳಿಗ್ಗೆ ಎಂಜಿನ್ನಿನ ಮುಚ್ಚಳ ತೆಗೆದರೆ, ಪೆಟ್ರೋಲು ತಳ್ಳುವ ಪಂಪಿನ ತಳದಲ್ಲಿ ಒಂದು ನೀಲಿ ಹನಿ ನೇತಾಡುತ್ತಿತ್ತು. ಆ ವಿಮಾನದ ಪೆಟ್ರೋಲಿನ ಬಣ್ಣವೇ ನೀಲಿ. ಹನಿ ಸಣ್ಣದು. ಆದರೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ. ಆಕಾಶದ ನಡುವೆ ಇಳಿದು ಓಡಲು ನೆಲವಿಲ್ಲ.

ಮೆಕ್ಯಾನಿಕ್ ಅಚ್ಚುಕಟ್ಟಿನ ಮನುಷ್ಯ. ಮೊದಲು ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಥಳಥಳ ಹೊಳೆಯಿಸಿದ. ಆಮೇಲೆ ಪಂಪು ಕೆಟ್ಟಿದೆ ಎಂದು ಬಿಚ್ಚಿ ಎಸೆದು ಹೊಸದನ್ನು ಕೂರಿಸಿದ. ಮರುದಿನ ಅದೇ ಜಾಗದಲ್ಲಿ ಅದೇ ಹನಿ. ಒರೆಸಿದ, ಬೈದ, ಅದನ್ನೂ ಎಸೆದು ಮೂರನೆಯದನ್ನು ಕೂರಿಸಿದ. ಅದರ ಮರುದಿನವೂ ಹನಿ. ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡಾಗ ಆ ಹೆಂಗಸು ಬಂದಳು.

“ಇದನ್ನೂ ಬಿಚ್ಚುತ್ತೀರಾ?”

“ಈಗಿನ ಪಂಪುಗಳಿಗೆ ನಿಯತ್ತೇ ಇಲ್ಲ, ಮೇಡಂ.”

“ಪಂಪಿನ ನಿಯತ್ತು ಆಮೇಲೆ ನೋಡೋಣ. ಮೇಲೆ ಹೋಗುವವಳು ನಾನು. ಇವತ್ತು ಏನೂ ಬಿಚ್ಚಬೇಡಿ, ಕೂತು ನೋಡಿ.”

ಎಲ್ಲವನ್ನೂ ಒಣಗಿಸಿ, ಪಂಪಿಗೂ ಅದರ ಸುತ್ತಲಿನ ಕೊಳವೆಗಳಿಗೂ ಮುಖಕ್ಕೆ ಹಚ್ಚುವ ಬಿಳಿ ಪೌಡರು ಉದುರಿಸಿದರು.

“ಪೌಡರಿನ ಡಬ್ಬಿ ನನ್ನದೇ” ಎಂದರು ಗುರುಗಳು. “ಇನ್ನೂ ವಾಪಸು ಬಂದಿಲ್ಲ.”

ಎಂಜಿನ್ ಚಾಲೂ ಮಾಡದೆ, ವಿಮಾನದಲ್ಲಿದ್ದ ಇನ್ನೊಂದು ಕರೆಂಟಿನ ಪಂಪಿನಿಂದ ಕೊಳವೆಗೆ ಪೆಟ್ರೋಲು ಹರಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಿಳಿ ಪುಡಿಯ ಮೇಲೆ ಒಂದು ನೀಲಿ ಗೆರೆ ಮೂಡಿತು. ಅದು ಹುಟ್ಟಿದ್ದು ಪಂಪಿನಲ್ಲಲ್ಲ. ಪಂಪಿನ ತಲೆಗೆ ಕೊಳವೆಯನ್ನು ಸೇರಿಸುವ, ಮೊಣಕೈಯಂತೆ ಬಾಗಿದ ಒಂದು ಸಣ್ಣ ಲೋಹದ ತುಂಡಿನಲ್ಲಿ. ಅಲ್ಲಿಂದ ಪಂಪಿನ ಮೈಮೇಲೆ ಇಳಿದು, ತಳದಲ್ಲಿ ಹನಿಯಾಗಿ ನಿಂತಿತು. ಆ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಎರಡು ಸಲವೂ ಹಳೆಯ ಪಂಪಿನಿಂದ ಅದನ್ನು ಬಿಚ್ಚಿ, ಚೆನ್ನಾಗಿ ಒರೆಸಿ, ಹೊಸದಕ್ಕೆ ತೊಡಿಸಿದ್ದು ಮೆಕ್ಯಾನಿಕ್ಕಿನ ಕೈಯೇ.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. “ಎಂಥ ಪೆದ್ದ, ಬುದ್ಧಿ! ಸೋರುವುದನ್ನು ತಾನೇ ತಂದು ತಲೆಯ ಮೇಲೆ ಕೂರಿಸಿ, ಪಂಪಿಗೆ ಬೈದನಲ್ಲ!” ಎಂದು ಮೈ ಕುಲುಕಿಸಿ ನಕ್ಕ. ಸೊಂಟದ ಕೀಲಿಗೊಂಚಲು ಝಣಝಣ ಎಂದಿತು. ಕಂಬದ ಮರೆಯ ಚಂಬಣ್ಣ ಮಾತ್ರ ನಗಲಿಲ್ಲ.

ಗುರುಗಳು ಆ ಗೊಂಚಲನ್ನೇ ನೋಡುತ್ತ ಕೇಳಿದರು: “ಇವತ್ತು ಉಗ್ರಾಣದ ಬೀಗ ತೆಗೆದಾಗ ಗಂಟೆ ಎಷ್ಟಾಗಿತ್ತಪ್ಪಾ?”

ಕೀಲಿಗಳ ಸದ್ದು ನಿಂತಿತು.