ಹೆಬ್ಬಾತಿನೊಳಗಿನ ಕೌಜುಗ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಹಂಸಪುರದ ಬೀದಿಬೀದಿಯಲ್ಲಿ ಡಂಗುರ ಮೊಳಗಿತು. ಅರಮನೆಯ ಅಡುಗೆಮನೆಯಲ್ಲಿ ಕೆಂಡದ ಮುಂದೆ ಕೂತಿದ್ದ ಚೌಡ ಮಾತ್ರ ತಲೆ ಎತ್ತಲಿಲ್ಲ. ಮಾಂಸ ಸುಡುವುದು ಅವನ ಕೆಲಸ. ಒಗಟು ಕೇಳುವ ದಿನ ರಾಜಕುಮಾರಿ ಹೇಳಿ ಮಾಡಿಸಿದ ಅಡುಗೆಯೇ ಬೇರೆ. ಮೂಳೆ ಬಿಡಿಸಿದ ಕೋಳಿಯೊಳಗೆ ಮಸಾಲೆ ಸವರಿದ ಪುಟ್ಟ ಕೌಜುಗ ಹಕ್ಕಿ, ಆ ಕೋಳಿ ಬಾತಿನೊಳಗೆ, ಬಾತು ಹೆಬ್ಬಾತಿನೊಳಗೆ. ಚೌಡ ಅದನ್ನು ಹೊಲಿದು ಹದವಾಗಿ ಸುಟ್ಟು, ಹರಿವಾಣದಲ್ಲಿ ಹೊತ್ತು ತಂದು ಸಭೆಯ ನಡುವೆ ಇಟ್ಟ. ನೋಡಿದವರಿಗೆ ಅದು ಒಂದೇ ಹಕ್ಕಿ.

ರಾಜಕುಮಾರಿ ಮೊದಲ ಒಗಟು ಹೇಳಿದಳು. "ಚಿಕ್ಕವನು ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಕೊನೆಗೆ ಹೊರಗೆ ಬರುತ್ತಾನೆ. ದೊಡ್ಡವನು ಕೊನೆಗೆ ಬಂದು ಬಾಗಿಲು ಮುಚ್ಚಿ, ಮೊದಲು ಎಲೆಗೆ ಬೀಳುತ್ತಾನೆ. ಯಾರವರು?"

ನೆರೆರಾಜ್ಯದ ಯುವರಾಜ ಮೀಸೆ ತಿರುವಿ, "ಕೋಟೆ ಕಾಯುವ ಸೈನಿಕರು" ಎಂದ. ತಪ್ಪು. ಅವನ ಕೈಗೆ ಬೇಡಿ ಬಿತ್ತು. ವರ್ತಕನ ಮಗನೊಬ್ಬ ಬೆವರುತ್ತಾ, "ಅಜ್ಜ, ಮೊಮ್ಮಗ" ಎಂದ. ಅದೂ ತಪ್ಪು. ಬೇಡಿ ಹಾಕುವಾಗ ಅವನು "ಅಮ್ಮಾ" ಎಂದು ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

ಚೌಡನಿಗೆ ತಡೆಯಲಾಗಲಿಲ್ಲ. "ಬುದ್ಧೀ, ನಾನು ಹೇಳ್ತೀನಿ. ಸರಿಯಾದ್ರೆ ಇವರಿಬ್ಬರ ತಲೆ ಉಳಿಸಬೇಕು."

"ತಪ್ಪಿದರೆ ನಿನ್ನದೂ ಹೋಗುತ್ತದೆ," ಎಂದ ರಾಜ.

"ಗೊತ್ತು ಬುದ್ಧಿ." ಚೌಡ ಹರಿವಾಣ ತೋರಿಸಿದ. "ಈ ಹೆಬ್ಬಾತಿನೊಳಗೆ ಬಾತು, ಅದರೊಳಗೆ ಕೋಳಿ, ಅದರೊಳಗೆ ಕೌಜುಗ. ಚಿಕ್ಕವನು ಕೌಜುಗ, ದೊಡ್ಡವನು ಹೆಬ್ಬಾತು."

ರಾಜಕುಮಾರಿ ಮುಂದಕ್ಕೆ ಬಾಗಿದಳು. "ಸರಿ. ಎರಡನೆಯದು ಕೇಳು. ಕೌಜುಗ ಬೆಂಕಿಯ ಮುಖವನ್ನೇ ಕಾಣಲಿಲ್ಲ. ಅದನ್ನು ಬೇಯಿಸಿದವರು ಯಾರು?"

"ಸುತ್ತಲಿನ ಮೂವರು, ಅಮ್ಮಣ್ಣಿ. ಉರಿಯನ್ನೆಲ್ಲ ತಾವು ತಡೆದು, ಬರೀ ಬಿಸಿಯನ್ನು ಒಳಗೆ ಬಿಟ್ಟರು."

ಅವಳ ದನಿ ಸಣ್ಣದಾಯಿತು. "ಅದೂ ಸರಿ. ಇದು ಕೊನೆಯದು. ಆ ಕೌಜುಗದ ಹೊಟ್ಟೆಯಲ್ಲಿ ಒಂದಿದೆ. ಯಾರೂ ಇಟ್ಟದ್ದಲ್ಲ, ಯಾರೂ ತಿನ್ನಲಾರರು. ಅದಿಲ್ಲದಿದ್ದರೆ ಅಡುಗೆ ಕೆಡುತ್ತದೆ. ಏನದು?"

ಮುತ್ತು, ಉಂಗುರ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ಚೌಡ ಕಣ್ಣು ಮುಚ್ಚಿ, ಬೆಳಿಗ್ಗೆ ಆ ಪುಟ್ಟ ಹಕ್ಕಿಯನ್ನು ಹೊಲಿದದ್ದನ್ನು ನೆನೆದ.

"ಒಂಚೂರು ಜಾಗ, ತಾಯಿ. ಅದನ್ನು ಇಡೋದಲ್ಲ, ಬಿಡೋದು. ಗಿಡಿದು ತುಂಬಿದ್ರೆ ಹಬೆ ಆಡಲ್ಲ. ಹೊರಗೆ ಸೀದುಹೋಗುತ್ತೆ, ಒಳಗೆ ಹಸಿ ಉಳಿಯುತ್ತೆ."

ಹೊನ್ನಲದೇವಿಯ ಕಣ್ಣು ತುಂಬಿತು. ಹುಟ್ಟಿದಂದಿನಿಂದ ಏಳು ಗೋಡೆಗಳ ನಡುವೆ, ದಾಸಿಯರ ಕಣ್ಣಳತೆಯಲ್ಲೇ ಬೆಳೆದವಳು ಅವಳು.

"ಬೇಡಿ ಬಿಚ್ಚಿ! ಪುರೋಹಿತರೇ, ಮುಹೂರ್ತ ನೋಡಿ," ಎಂದ ರಾಜ.

"ಬುದ್ಧೀ, ಅಮ್ಮಣ್ಣಿಯವರಿಗೆ ಇಷ್ಟ ಇದೆಯೋ ಇಲ್ಲವೋ, ಅವರನ್ನೊಂದು ಮಾತು ಕೇಳಿ," ಎಂದ ಚೌಡ.

"ಇಷ್ಟು ಜನರಲ್ಲಿ ಅದನ್ನು ಕೇಳಿದವನು ನೀನೊಬ್ಬನೇ," ಎಂದಳು ರಾಜಕುಮಾರಿ. "ನನಗೆ ಇಷ್ಟವಿದೆ."

ಮದುವೆ ನಿಶ್ಚಯವಾಯಿತು, ಅರ್ಧ ರಾಜ್ಯವೂ ಚೌಡನದಾಯಿತು. ಅಲ್ಲೇ ನೆಲದ ಮೇಲೆ ಎಲೆ ಹಾಕಿಸಿ, ಚೌಡನ ಜೊತೆ ಕೂತು ಹೊನ್ನಲದೇವಿ ಒಂದೊಂದೇ ಹಕ್ಕಿಯನ್ನು ಬಿಡಿಸಿದಳು. ಕೌಜುಗ ಸಿಕ್ಕಾಗ ಎರಡು ಪಾಲು ಮಾಡಿ, ಒಂದನ್ನು ಚೌಡನ ಎಲೆಗೆ ಹಾಕಿ, ಇನ್ನೊಂದನ್ನು ಬಾಯಿಗಿಡಲು ಹೊರಟಳು.

"ನಿಧಾನ," ಎಂದ ಚೌಡ, "ಒಳಗೆ ಇನ್ನೂ ಬಿಸಿ ಇದೆ."